ಖಣಿಯ ದಾರಿ ಹಿಡಿದ ದೊಡ್ಡವ್ವ

ಹೋದ ತಿಂಗಳು ನಮ್ಮ ವಿಜಯಪುರದ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಜಾಗಕ್ಕೆ ಫರ್ಸಿ ಕಲ್ಲು ಹಾಕಿಸುತ್ತಿದ್ದೆ. ಎಲ್ಲರೂ ಟೈಲ್ಸ್ ಹಾಕಿಸು ಎಂದರು. ನಾನೇ ಹಟ ಹಿಡಿದು ಬೂದು ಬಣ್ಣದ ಹಳೆಯ ಮಾದರಿಯ ಕಲ್ಲು ತರಿಸಿದ್ದೆ. ಗೌಂಡಿ ಮಶೀನು ಹಚ್ಚಿ ಕಲ್ಲು ಕೊಯ್ಯುತ್ತಿದ್ದ, ಧೂಳು ಏಳಬಾರದೆಂದು ಅವನ ಹೆಂಡತಿ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದಳು. ಅಡುಗೆಮನೆಯ ಕಿಟಕಿಯೊಳಗಿಂದ ಆ ವಾಸನೆ ಬಂತು. ಕಾದ ಕಲ್ಲಿಗೆ ನೀರು ಬಿದ್ದಾಗ ಏಳುವ ವಾಸನೆ... ಮಣ್ಣಿನದೂ ಅಲ್ಲ, ಸುಣ್ಣದ್ದೂ ಅಲ್ಲ. ಒಲೆಯ ಮೇಲಿನ ಸಾರು ಮರೆತು ಹೊರಗೆ ಬಂದು ನಿಂತುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಅಂದು ಇಡೀ ದಿನ ದೊಡ್ಡವ್ವ ನೆನಪಾದಳು.

ಅವಳು ನನಗೆ ಸಂಬಂಧಿಕಳೇನಲ್ಲ. ನಾನು ಮದುವೆಯಾಗಿ ಬಸವನ ಬಾಗೇವಾಡಿ ಬಿಟ್ಟು ಬಂದ ಮೊದಲ ವರ್ಷ ಅದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆಯವರು ದನದ ದವಾಖಾನೆಯಲ್ಲಿ ಕಂಪೌಂಡರ್. ಮುದ್ದೇಬಿಹಾಳ ತಾಲೂಕಿನ ಒಂದು ಫರ್ಸಿ ಕಲ್ಲಿನ ಊರಿಗೆ ಅವರ ವರ್ಗವಾಗಿತ್ತು. ಆ ಊರಲ್ಲಿ ಗೋಡೆಗೆ ಫರ್ಸಿ, ಮಾಳಿಗೆಗೆ ಫರ್ಸಿ, ಹಿತ್ತಲ ಬೇಲಿಗೂ ಫರ್ಸಿಯನ್ನೇ ನೆಟ್ಟಗೆ ನಿಲ್ಲಿಸಿರುತ್ತಿದ್ದರು. ಒಂದು ಸಣ್ಣ ಖಣಿ ನಡೆಸುತ್ತಿದ್ದವರ ಮನೆಯ ಮುಂದಿನ ಎರಡು ಖೋಲಿ ನಮಗೆ ಬಾಡಿಗೆಗೆ ಸಿಕ್ಕವು. ಖಣಿ ಎಂದರೆ ಹೊಲದಲ್ಲೇ ತೋಡಿ ಕಲ್ಲಿನ ಹಾಸು ಎಬ್ಬಿಸುವ ಗುಂಡಿ. ಮನೆಯೊಡತಿಯನ್ನು ದೊಡ್ಡವ್ವ ಎಂದು ಕರೆದೆ, ಅವಳ ಗಂಡನನ್ನು ದೊಡ್ಡಪ್ಪ ಎಂದೆ. ಮೊದಮೊದಲು ಅವಳಿಗೂ ‘ರಿ’ ಹಚ್ಚಿ ಮಾತಾಡುತ್ತಿದ್ದೆ. "ಅವ್ವಗ ಯಾರರ ರಿ ಅಂತಾರೇನ ತಂಗಿ?" ಎಂದು ಅವಳೇ ಬಿಡಿಸಿದಳು.

ನಾವು ಸಾಮಾನು ಇಳಿಸಿದ ದಿನ ದೊಡ್ಡವ್ವ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದಳು. ಎಡಗಾಲಿಗೆ ಪ್ಲಾಸ್ಟರ್. ದೀಪಾವಳಿಗೆ ಮುಂಚೆ ಹಿತ್ತಲಲ್ಲಿ ಗೋಡೆಗೆ ಆನಿಸಿಟ್ಟ ಕಲ್ಲಿನ ಸಾಲು ಜಾರಿತಂತೆ. ಅದರಡಿ ಸಿಗಲಿದ್ದ ಕರುವನ್ನು ಎಳೆದುಕೊಳ್ಳಲು ಹೋಗಿದ್ದಳು. ಕರು ಉಳಿಯಿತು, ಅವಳ ಕಾಲು ಮುರಿಯಿತು. ಮಲಗಿದಲ್ಲಿಂದಲೇ ಮನೆ ನಡೆಸುತ್ತಿದ್ದಳು. ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ, "ಹಿಟ್ಟು ಇನ್ನಾ ನಾದು, ಅಂಚು ಸೀಳಾಕತ್ತೈತಿ" ಎಂದು ಒಳಗಿನಿಂದ ಕೂಗುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು. ಹಿಂದಿನ ವರ್ಷ ಪಕ್ಕದ ಊರಿಗೇ ಕೊಟ್ಟಿದ್ದರು. ಬೀಗರದೂ ಕಲ್ಲಿನ ಖಣಿ. ಇಬ್ಬರ ಖಣಿಗಳೂ ಮಗ್ಗುಲಿಗೆ ಮಗ್ಗುಲು. ಮದುವೆಯಾದ ಮೇಲಿನ ಮೊದಲ ಮಳೆಗಾಲದಲ್ಲಿ ಬೀಗರು ತಮ್ಮ ಖಣಿಯಲ್ಲಿ ನಿಂತ ನೀರನ್ನು ಪಂಪು ಹಚ್ಚಿ ತೆಗೆದರು. ಅದು ಹರಿದು ದೊಡ್ಡಪ್ಪನ ಖಣಿ ತುಂಬಿತು. ಎಬ್ಬಿಸಿಟ್ಟ ಹಾಸುಗಲ್ಲೆಲ್ಲ ಕೆಸರಿನಲ್ಲಿ ಮುಳುಗಿ ಆ ಹಂಗಾಮಿನ ದುಡಿಮೆ ಹಾಳಾಯಿತು. ಚಹಾದಂಗಡಿಯ ಮುಂದೆ, ಹತ್ತು ಮಂದಿಯ ಎದುರಿಗೆ, ಇಬ್ಬರೂ ಬಾಯಿಗೆ ಬಂದದ್ದು ಆಡಿಕೊಂಡರು. "ನನ್ನ ಚಕ್ಕಡಿ ಗಾಲಿ ಇನ್ನ ಆ ಊರ ಕಡೆ ಉರುಳೂದಿಲ್ಲ" ಎಂದು ದೊಡ್ಡಪ್ಪ ಆಣೆ ಮಾಡಿದರು. ನಮ್ಮ ಸೊಸೆಯನ್ನು ನಾವೂ ಕಳಿಸುವುದಿಲ್ಲವೆಂದು ಬೀಗರು ಅಂದರು. ಮದುವೆಯ ನಂತರದ ಮೊದಲ ಪಂಚಮಿಗೆ ಮಗಳು ತವರಿಗೆ ಬರಲಿಲ್ಲ. ಅವಳು ಬಸಿರಾದ ಸುದ್ದಿಯೂ ಮನೆಗೆ ಮುಟ್ಟಿದ್ದು ಎರಡೂ ಊರು ತಿರುಗುವ ಬಳೆಗಾರ ಚಾಚಾನ ಬಾಯಿಂದ.

ಸಂಕ್ರಾಂತಿ ಮುಗಿದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕಾಲು ಜೋಳದ ದಂಟಿನಂತೆ ಸಣಕಲಾಗಿತ್ತು. ದಿನಾ ತುಸು ತುಸು ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಮರುದಿನ ಮುಂಜಾನೆಯೇ ದೊಡ್ಡವ್ವ ಕೋಲು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು, "ಬಾ ತಂಗಿ, ನನ್ನ ಸಂಗಾಟ" ಎಂದಳು.

ಊರೊಳಗಿನ ಸಪಾಟು ರಸ್ತೆ ಬಿಟ್ಟು ಅವಳು ಹಿಡಿದದ್ದು ಮನೆಯ ಹಿಂದಿನ ಕಾಲುದಾರಿ. ಎರಡೂ ಕಡೆ ಕಲ್ಲುಚೂರಿನ ದಿಬ್ಬಗಳು. ಅವನ್ನು ದಾಟಿದರೆ ಹಾಳುಬಿದ್ದ ಸುಣ್ಣದ ಬಟ್ಟಿ. ಅದರ ಬಾಯೊಳಗಿಂದಲೇ ಒಂದು ಬೇವಿನ ಗಿಡ ಎದ್ದು ನೆರಳು ಮಾಡಿತ್ತು. ಅಲ್ಲಿಂದ ಮುಂದೆ ಯಾವ ಕಾಲದ್ದೋ ದೊಡ್ಡ ಖಣಿ, ತಳದಲ್ಲಿ ಹಸಿರು ನೀರು. ಅದರ ಗೋಡೆಯಲ್ಲಿ ಹಿಂದಿನವರು ಉಳಿಯಿಂದ ಹೊಡೆದ ತೂತುಗಳ ಸಾಲು ಹಾಗೇ ಉಳಿದಿತ್ತು. ಬಾದಶಹಾನ ಕಾಲದ ಖಣಿ ಎಂದು ಊರವರು ಹೇಳುತ್ತಿದ್ದರು. ಖಣಿಯ ಆಚೆ ಮುಚ್ಚಿಹೋದ ಹತ್ತಿ ಕಾರ್ಖಾನೆ. ಮೇಲಿನ ತಗಡು ಯಾರೋ ಒಯ್ದಿದ್ದರು. ಕಲ್ಲಿನ ಗೋಡೆ, ಅರ್ಧ ಮುರಿದ ಚಿಮಣಿ, ಹತ್ತಿ ತುಂಬಿದ ಅಂಡಿಗೆಗಳನ್ನು ಇಳಿಸುತ್ತಿದ್ದ ಉದ್ದನೆಯ ಕಟ್ಟೆ ಮಾತ್ರ ನಿಂತಿದ್ದವು. ಆಮೇಲೆ ಒಂದು ಹಳ್ಳ. ಹಳ್ಳದ ಆಚೆ ಬೀಗರ ಊರು. ಇದನ್ನು ನಾನು ಒಂದೇ ದಿನ ನೋಡಲಿಲ್ಲ. ಮೊದಲ ದಿನ ಕಲ್ಲುಚೂರಿನ ದಿಬ್ಬ ಮುಟ್ಟುವುದರೊಳಗೆ ದೊಡ್ಡವ್ವನ ರವಿಕೆ ಬೆವರಿನಿಂದ ತೊಯ್ದಿತ್ತು. "ಇವತ್ತಿಗೆ ಇಷ್ಟ ಸಾಕು" ಎಂದು ಹೊರಳಿದಳು. ನಾಳೆ ಇನ್ನೂ ತುಸು ಮುಂದೆ ಹೋಗುವುದು ಅವಳ ಲೆಕ್ಕದಲ್ಲಿ ಆಗಲೇ ಇತ್ತು.

ಹಾಗೆ ಬಟ್ಟಿಯ ತನಕ ನಡೆಯುವಂತಾದಳು. ಹೊಲಗಳಲ್ಲಿ ಬಿಳಿಜೋಳ ತೆನೆ ತೂಗುತ್ತಿತ್ತು, ಬದುವಿನ ಕುಸುಬೆ ಹೂಬಿಟ್ಟಿತ್ತು. ಗುರುತಿನವರು ಎಳೆಯ ತೆನೆ ಸುಟ್ಟು ಸೀತನಿ ತಿನ್ನಲು ಕರೆದರೆ, ನಾನು ನಿಂತೇನು, ಅವಳು ನಿಲ್ಲುತ್ತಿರಲಿಲ್ಲ. ದೊಡ್ಡ ಖಣಿಯ ಅಂಚಿಗೆ ಬಂದ ದಿನ ಮಾತ್ರ ಗಾಬರಿಯಾಯಿತು. ಅಲ್ಲಿ ದಾರಿ ಕಲ್ಲುಚೂರಿನ ಇಳಿಜಾರಿನಲ್ಲಿ ಇಳಿಯುತ್ತಿತ್ತು. ಕೋಲು ಜಾರಿ ದೊಡ್ಡವ್ವ ಬಿದ್ದಳು. ಮೊಣಕೈ ತರಚಿ ರಕ್ತ ಬಂತು. ನಾನು ಅಳಲು ಶುರುಮಾಡಿದೆ.

"ನೀ ಯಾಕ ಅಳ್ತಿ? ಬಿದ್ದಾಕಿ ನಾನು" ಎಂದು ನಕ್ಕಳು.

"ಸಾಕು ದೊಡ್ಡವ್ವಾ. ನಡ್ಯಾಕಂದ್ರ ಊರಾಗ ಬೇಕಾದಷ್ಟ ದಾರಿ ಅದಾವು. ಈ ಖಣ್ಯಾಗ ಯಾಕ?"

ಅವಳು ಸೆರಗಿನಿಂದ ಮೊಣಕೈ ಒರೆಸಿಕೊಂಡಳು. ದೂರದ ಚಿಮಣಿಯ ಕಡೆ ನೋಡಿದಳು.

"ಊರಾಗಿನ ದಾರಿ ನನ್ನ ಮಗಳ ಮನಿಗೆ ಹೋಗೂದಿಲ್ಲ ತಂಗಿ. ಇದು ಹೋಗತೈತಿ."

ಆಗ ನನಗೆ ತಿಳಿಯಿತು. ನಮ್ಮ ಕಡೆ ಮೊದಲ ಬಸಿರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಖಣದ ಕುಬಸ ಒಯ್ದು ಉಡಿ ತುಂಬುತ್ತಾರೆ. ಕುಬಸ ಮಾಡುವುದು ಎಂದರೆ ಅದೇ. ಏಳನೆಯ ತಿಂಗಳು ದಾಟುವುದರೊಳಗೆ ಆಗಬೇಕು. ಬೀಗರ ಊರಿಗೆ ಬಸ್ಸಿರಲಿಲ್ಲ. ಚಕ್ಕಡಿಯ ದಾರಿ ಬಹಳ ಸುತ್ತು, ದೊಡ್ಡಪ್ಪನಿಗೆ ಅಂಜಿ ಯಾರೂ ಅವಳನ್ನು ಚಕ್ಕಡಿಯಲ್ಲಿ ಕೂರಿಸಿಕೊಳ್ಳುವಂತಿರಲಿಲ್ಲ. ಉಳಿದದ್ದು ಈ ಕಾಲುದಾರಿ ಒಂದೇ. ಡಾಕ್ಟರು ಹೇಳಿದ್ದಾರೆಂದು ಅವಳು ನಡೆಯುತ್ತಿರಲಿಲ್ಲ.

ಮರುದಿನ ಅದೇ ಇಳಿಜಾರನ್ನು ಅವಳು ಕೂತುಕೊಂಡೇ ಇಳಿದಳು. ಸಣ್ಣ ಹುಡುಗರು ಜಾರುವ ಹಾಗೆ, ಎರಡೂ ಕೈ ಊರಿ, ಮುರಿದ ಕಾಲನ್ನು ಮುಂದೆ ಚಾಚಿ. ಕೆಳಗೆ ಮುಟ್ಟಿದ ಮೇಲೆ, "ಸೀರಿ ಹರೀತೇನ ನೋಡು" ಎಂದು ಬೆನ್ನು ತಿರುಗಿಸಿ ನಿಂತಳು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿಯಿತು.

ಕಾರ್ಖಾನೆ ಮುಟ್ಟಿದ ದಿನ ಅವಳು ಒಳಗೆಲ್ಲ ಸುತ್ತಾಡಿದಳು. ಮದುವೆಗೆ ಮುಂಚೆ ಅಲ್ಲೇ ಹತ್ತಿಯ ಕಸ ಆರಿಸುವ ಕೂಲಿ ಮಾಡಿದ್ದಳಂತೆ. ಎಲ್ಲಿ ಕೂರುತ್ತಿದ್ದಳು, ಭೋಂಗಾ ಕೂಗಿದಾಗ ಎಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಎಲ್ಲವನ್ನೂ ತೋರಿಸಿದಳು. ಅವಳ ಮಗ್ಗುಲಲ್ಲೇ ಕೂತು ಹತ್ತಿ ಆರಿಸುತ್ತಿದ್ದ ಗೆಳತಿಯೇ ಈಗಿನ ಬೀಗತಿ. ಆ ಗೆಳೆತನದಿಂದಲೇ ಮಕ್ಕಳ ಸಂಬಂಧ ಕೂಡಿಬಂದಿತ್ತು. "ಗಂಡಸರು ನಡಬರಕ ಬಂದು ಕೆಡಿಸಿದ್ರು" ಎಂದಳು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಫೆಬ್ರುವರಿಯ ಒಂದು ಮಧ್ಯಾಹ್ನ ಬಳೆಗಾರ ಚಾಚಾ ನಮ್ಮ ಕಟ್ಟೆಯ ಮೇಲೆ ಗಂಟು ಬಿಚ್ಚಿದ. ದೊಡ್ಡವ್ವ ಹಸಿರು ಬಳೆಗಳನ್ನು ಬೆಳಕಿಗೆ ಹಿಡಿದು ಬಿರುಕು ನೋಡುತ್ತಿದ್ದಳು. ಅದೇ ಹೊತ್ತಿಗೆ ದೊಡ್ಡಪ್ಪ ಖಣಿಯಿಂದ ಬಂದರು. ಹುಬ್ಬು ಮೀಸೆಯೆಲ್ಲ ಕಲ್ಲಿನ ಪುಡಿ.

"ಯಾರಿಗೆ ಇವು?"

"ಮಗಳಿಗೆ. ಏಳನೇದು ನಡದೈತಿ. ಕುಬಸ ಮಾಡಬೇಕು."

"ನಾ ಏನ ಹೇಳೇನಿ ಅಂಬೂದು ಮರತಿಯೇನು?"

"ಮರತಿಲ್ಲರಿ. ನಿಮ್ಮ ಚಕ್ಕಡಿ ಗಾಲಿ ಉರುಳೂದಿಲ್ಲ ಅಂದ್ರಿ. ಉರುಳೂದು ಬ್ಯಾಡ. ನಾ ನಡಕೊಂತ ಹೋಗ್ತೇನಿ."

ದೊಡ್ಡಪ್ಪ ಅವಳ ಕಾಲನ್ನು ನೋಡಿದರು, ಕೋಲನ್ನು ನೋಡಿದರು. ದಿನವೂ ಮುಂಜಾನೆ ಅವಳು ಎಲ್ಲಿಗೆ ಹೋಗುತ್ತಿದ್ದಳೆಂಬುದು ಆಗ ಹೊಳೆದಿರಬೇಕು. ಮುಖ ಕಪ್ಪಾಯಿತು.

"ಅವನ ಮನಿ ಕಟ್ಟಿ ಏರಿದ್ಯೋ, ಹೊಳ್ಳಿ ಈ ಕಟ್ಟಿ ಏರಬ್ಯಾಡ" ಎಂದು ಒಳಗೆ ಹೋದರು.

ಚಾಚಾ ಬಳೆಗಳನ್ನು ಒಂದೊಂದಾಗಿ ಗಂಟಿಗೆ ಸೇರಿಸತೊಡಗಿದ. ಇವಳು ಹಿಂದೆ ಸರಿದಳೆಂದೇ ನಾನು ತಿಳಿದೆ. ಚಾಚಾ ಗಂಟು ಕಟ್ಟಿ ಮೆಲ್ಲಗೆ ಹೇಳಿದ:

"ಅವ್ವಾ, ಕುಬಸದ ಬಳಿ ನಾ ಪೊಟ್ಟಣ ಕಟ್ಟಿ ಕೊಡೂದಿಲ್ಲರಿ. ನಾನ ಬಂದು ನಿಮ್ಮ ಮಗಳ ಕೈಗೆ ಇಡತೇನಿ. ಎಲ್ಲಿಗೆ ಬರಬೇಕು, ಅದನ್ನ ಹೇಳ್ರಿ."

ದೊಡ್ಡವ್ವ ಬಹಳ ಯೋಚಿಸಲಿಲ್ಲ. "ಹತ್ತಿ ಕಾರ್ಖಾನಿಗೆ ಬರ್ರಿ ಚಾಚಾ, ಶುಕ್ರವಾರ ಮುಂಜಾನಿ. ಅದು ಅವರ ಮನೀನೂ ಅಲ್ಲ, ಇವರ ಮನೀನೂ ಅಲ್ಲ. ನಮ್ಮ ಬೀಗತಿಗೆ ಮಗಳನ್ನ ಕರಕೊಂಡು ಬಾ ಅಂತ ಹೇಳ್ರಿ."

ಶುಕ್ರವಾರ ಬೆಳಗಿನ ಜಾವ ಎದ್ದು ಹೋಳಿಗೆ, ಕಡಬು, ಮೊಸರು ಬುತ್ತಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಮಾಡಿದೆವು. ಇನ್ನೊಬ್ಬರ ಮನೆಯ ಜಗಳದಲ್ಲಿ ಬೀಳಬೇಡ ಎಂದು ನಮ್ಮ ಮನೆಯವರು ನನಗೆ ಹಿಂದಿನ ದಿನ ಹೇಳಿದ್ದರು. ಬೆಳಿಗ್ಗೆ ಬುಟ್ಟಿಯ ಭಾರ ನೋಡಿ ತಾವೇ ಎತ್ತಿ ನನ್ನ ತಲೆಯ ಮೇಲೆ ಇಟ್ಟರು. ದೊಡ್ಡಪ್ಪ ಮುಂಬಾಗಿಲಲ್ಲಿ ಹೊರಸು ಹಾಕಿಕೊಂಡು, ನಮಗೆ ಬೆನ್ನು ಮಾಡಿ ಕೂತಿದ್ದರು. ನಾವು ಹಿತ್ತಲಿನಿಂದ ಹೊರಟೆವು.

ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ದೊಡ್ಡವ್ವ ತಂಗಡಿ ಗಿಡದ ಟೊಂಗೆ ಮುರಿದು ಕಟ್ಟೆ ಗುಡಿಸಿದಳು. ನಾನು ಕಂಬಳಿ ಹಾಸಿ ಬುಟ್ಟಿ ಇಳಿಸಿದೆ. ಚಿಮಣಿಯ ತೂತಿನಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಬಿಸಿಲು ಗೋಡೆ ಇಳಿದು ಕಟ್ಟೆಗೆ ಬಂತು, ಕಟ್ಟೆಯ ಮೇಲಿನ ಕಂಬಳಿಗೆ ಬಂತು. ಹಳ್ಳದ ಕಡೆಯಿಂದ ಯಾರೂ ಬರಲಿಲ್ಲ.

"ಬೀಗತಿಗೂ ಗಂಡ ಅದಾನ. ಬಿಟ್ಟಿರಲಿಕ್ಕಿಲ್ಲ" ಎಂದಳು ದೊಡ್ಡವ್ವ.

"ಹೊಳ್ಳಿ ಹೋಗೂಣು ದೊಡ್ಡವ್ವಾ."

ಅವಳು ಕೋಲು ಊರಿ ಎದ್ದಳು. "ನೀ ಬುಟ್ಟಿ ಕಾಯಕೊಂತ ಇಲ್ಲೇ ಕುಂಡ್ರು. ನಾ ಹೋಗಿ ಬರ್ತೇನಿ."

"ದೊಡ್ಡಪ್ಪಾರು ಅಂದದ್ದು?"

"ಕೇಳೇನಿ. ನಾಳಿಗೆ ಎಲ್ಲಿ ಇರತೇನಿ ಅಂಬೂದು ನಾಳಿಗೆ ನೋಡೂಣು. ಏಳು ತಿಂಗಳಿಂದ ನನ್ನ ಮಗಳು ತವರ ದಾರಿ ನೋಡಾಕತ್ತಾಳ. ಹಸರ ಬಳಿ ಇಲ್ಲದ ನಾ ಅಕಿನ್ನ ಹಡ್ಯಾಕ ಬಿಡೂದಿಲ್ಲ."

ಅವಳ ದನಿ ಏರಿರಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ. ಮನೆ ಬಿಟ್ಟುಕೊಡಲು ಸಿದ್ಧವಾದ ಹೆಂಗಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬುಟ್ಟಿ ತಲೆಗೇರಿಸಿಕೊಂಡು ಅವಳ ಹಿಂದೆ ನಡೆದೆ.

ಹಳ್ಳದ ತನಕ ನಾವು ಅದಕ್ಕೂ ಮುಂಚೆ ಹೋಗಿರಲೇ ಇಲ್ಲ. ಹಳ್ಳ ಒಣಗಿತ್ತು, ಉಸುಕು, ದುಂಡು ಕಲ್ಲು. ಕೋಲು ಉಸುಕಿನಲ್ಲಿ ಹುಗಿದುಹೋಗುತ್ತಿತ್ತು. ಆಚೆಯ ದಂಡೆ ಕಡಿದಾಗಿತ್ತು. ದೊಡ್ಡವ್ವ ಕೋಲನ್ನು ಮೇಲಕ್ಕೆ ಎಸೆದು ಎರಡೂ ಕೈಯಿಂದ ಹುಲ್ಲು ಹಿಡಿದಳು. ಮುರಿದ ಕಾಲು ಭಾರ ತಾಳದೆ ನಡುಗತೊಡಗಿತು. ಕೆಳಗೆ ನಿಂತ ನಾನು ತಲೆಯ ಮೇಲಿನ ಬುಟ್ಟಿ ಹಿಡಿಯಲೋ ಅವಳನ್ನು ಹಿಡಿಯಲೋ ತಿಳಿಯದೆ ಒದ್ದಾಡಿದೆ. ಅಷ್ಟರಲ್ಲಿ ಮೇಲಿನಿಂದ ಬಳೆ ತುಂಬಿದ ಒಂದು ಕೈ ಇಳಿದು ಬಂದು ಅವಳ ರಟ್ಟೆ ಹಿಡಿಯಿತು.

"ಎಷ್ಟ ಅವಸರ ಬೀಗತೀ! ನಮ್ಮವರು ಖಣಿಗೆ ಹೋಗೂ ತನಕ ಕಾಯಬೇಕಾತು."

ಬೀಗತಿಯ ಹಿಂದೆ ತುಂಬು ಹೊಟ್ಟೆಯ ಮಗಳು ನಿಂತಿದ್ದಳು, ಅವಳ ಹಿಂದೆ ಬಳೆಯ ಗಂಟು ಹೊತ್ತ ಚಾಚಾ.

ಎಲ್ಲರೂ ಕಾರ್ಖಾನೆಗೆ ಬಂದೆವು. ಮಗಳಿಗೆ ಹಸಿರು ಸೀರೆ ಉಡಿಸಿ, ಖಣದ ಕುಬಸ ತೊಡಿಸಿ ಕಟ್ಟೆಯ ಮೇಲೆ ಕೂರಿಸಿದರು. ಚಾಚಾ ಅವಳ ಕೈಯನ್ನು ನೋಯದಂತೆ ಒತ್ತಿ ಒತ್ತಿ ಎರಡೂ ಮುಂಗೈಗೆ ಬಳೆ ಏರಿಸಿದ. ಕೊನೆಯ ಬಳೆ ಏರಿಸಿದ ಮೇಲೆ ತನ್ನ ಕಡೆಯಿಂದ ಎಂದು ಎರಡು ಬಳೆ ಹೆಚ್ಚಿಗೆ ಇಟ್ಟ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಕೊಂಬು ಹಾಕಿ ಉಡಿ ತುಂಬಿದೆವು. ಬೀಗತಿ ಹಾಡಿದಳು, ದೊಡ್ಡವ್ವ ದನಿಗೂಡಿಸಿದಳು. ಮಗಳು ಅಳುತ್ತಿದ್ದಳು. ದೊಡ್ಡವ್ವ ಮಾತ್ರ ಅಳಲಿಲ್ಲ, ಮಗಳ ಪಾದ ಒತ್ತಿ ನೋಡಿ, "ಕಾಲ ಬಾತಾವಲ್ಲ, ಉಪ್ಪಿನಕಾಯಿ ಬಾಳ ತಿಂತಿ ಏನು?" ಎಂದು ಗದರಿದಳು. ಮಗಳು ಅಳುತ್ತಲೇ ನಕ್ಕಳು.

ಊಟವಾದ ಮೇಲೆ ಬೀಗತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನಿನ್ನ ಮಗಳನ್ನ ಬಾಣಂತನಕ್ಕ ಕರಕೊಂಡ ಹೋಗು. ಹೊಳ್ಳಿ ನಮ್ಮ ಮನಿಗೆ ಬಂದ್ಲಂದ್ರ ನಮ್ಮವರು ಮತ್ತ ಬಿಡೂದಿಲ್ಲ. ನಾ ಅವರಿಗೆ ಹೇಳ್ಕೊಂತೇನಿ" ಎಂದಳು.

ಅವಳು ಮನೆಗೆ ಹೋಗಿ ಏನು ಕೇಳಬೇಕಾಯಿತೋ, ಅದನ್ನು ಎಂದೂ ಯಾರಿಗೂ ಹೇಳಲಿಲ್ಲ.

ತಿರುಗಿ ಬರುವಾಗ ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಡಿದು ನಡೆದರು. ಯಾರು ಯಾರಿಗೆ ಆಸರೆ ಎಂಬುದು ಗೊತ್ತಾಗುತ್ತಿರಲಿಲ್ಲ. ಚೂರುಗಲ್ಲಿನ ಏರು ಬೇಡವೆಂದು ಹೊಲದ ಬದು ಹಿಡಿದೆವು. ಜೋಳ ಕೊಯ್ಯುತ್ತಿದ್ದ ಹೆಂಗಸರು ನೀರು ಕೊಟ್ಟು, ಬಸುರಿಯ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿ ಕಳಿಸಿದರು. ದೊಡ್ಡವ್ವ ಹಿತ್ತಲ ಬಾಗಿಲಿಗೆ ಹೋಗಲಿಲ್ಲ. ಓಣಿ ಸುತ್ತಿ ನೇರವಾಗಿ ಮುಂಬಾಗಿಲಿಗೇ ಬಂದಳು.

ಹೊರಸು ಬಾಗಿಲಿಗೆ ಅಡ್ಡವಾಗಿ ಅಲ್ಲೇ ಇತ್ತು. ಅದರ ಮೇಲೆ ದೊಡ್ಡಪ್ಪ.

"ಅವರ ಕಟ್ಟಿ ಏರಿಲ್ಲರಿ. ಮಗಳು ಬಂದಾಳ" ಎಂದಳು ದೊಡ್ಡವ್ವ.

ದೊಡ್ಡಪ್ಪ ಮಗಳ ಕೈಯನ್ನೂ ಹೊಟ್ಟೆಯನ್ನೂ ನೋಡಿದರು. ಎದ್ದು ನಿಂತು, ಹೊರಸನ್ನು ತಾವೇ ಎತ್ತಿ ಗೋಡೆಗೆ ಇಟ್ಟರು.

"ಬಿಸಲಾಗ ಯಾಕ ನಿಲ್ಲಿಸೀ? ಒಳಗ ಕರಕೋ."

ಅಷ್ಟೇ ಅಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಖಣಿಗೆ ಹೋದರು. ಮರುದಿನ ಎದ್ದು ನೋಡಿದರೆ ಹಿತ್ತಲಲ್ಲಿ ಆಳು ಹಚ್ಚಿ, ಗೋಡೆಗೆ ಆನಿಸಿದ್ದ ಕಲ್ಲನ್ನೆಲ್ಲ ನೆಲಕ್ಕೆ ಮಲಗಿಸುತ್ತಿದ್ದರು. ಒಂದೂ ನಿಂತಿರಬಾರದು ಎಂದು ಆಳಿಗೆ ಎರಡೆರಡು ಸಲ ಹೇಳುತ್ತಿದ್ದರು.

ಸುಡುವ ಬೇಸಿಗೆಯಲ್ಲಿ ಮಗಳು ಹೆಣ್ಣು ಹಡೆದಳು. ತೊಟ್ಟಿಲಿಗೆ ಹಾಕುವ ದಿನ ಬೀಗರೂ ಬಂದರು, ಕಟ್ಟೆಯ ಆ ತುದಿಗೆ ಕೂತರು. ದೊಡ್ಡಪ್ಪ ಈ ತುದಿಗೆ. ಬಹಳ ಹೊತ್ತಿನ ಮೇಲೆ ಮಳೆಯ ಮಾತು ಬಂತು. ಖಣಿಯ ನೀರಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವರು ಪೂರ್ತಿ ಒಂದಾದರೆಂದು ನಾನು ಹೇಳಲಾರೆ... ಆದರೆ ಬಾಗಿಲುಗಳು ತೆರೆದವು. ಕಾಲು ಎಳೆಯುತ್ತಲೇ ದೊಡ್ಡವ್ವ ಆ ದಾರಿಯಲ್ಲಿ ಹೋಗಿ ಬರುತ್ತಿದ್ದಳು.

ಮುಂದೆ ನಮಗೆ ಸಿಂದಗಿಗೆ ವರ್ಗವಾಯಿತು, ಆಮೇಲೆ ಇಂಡಿಗೆ. ಮಕ್ಕಳು, ಶಾಲೆ, ಅತ್ತೆಯ ಕಾಯಿಲೆ... ನಡುವೆ ಎರಡು ಮೂರು ಸಲ ಹೋಗಿ ಬಂದೆ. ಪ್ರತಿ ಸಲವೂ ಬರುವ ವರ್ಷ ಬಂದು ಇರುತ್ತೇನೆಂದು ಹೇಳಿ ಬಂದೆ. ಒಂದು ಸಂತೆಯ ದಿನ ದೇವರ ಹಿಪ್ಪರಗಿಯ ಬಸ್ ಸ್ಟ್ಯಾಂಡಿನಲ್ಲಿ ಆ ಊರಿನ ಹೆಂಗಸೊಬ್ಬಳು ಸಿಕ್ಕಳು. ದೊಡ್ಡವ್ವ ಹೇಗಿದ್ದಾಳೆಂದು ಕೇಳಿದೆ. "ಗೊತ್ತಿಲ್ಲೇನ್ರಿ? ತೀರಿಕೊಂಡು ವರ್ಷ ಆಗಾಕ ಬಂತಲ್ಲ" ಎಂದಳು. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಹಿತ್ತಲಿಗೆ ಕಲ್ಲು ಹಾಸಿ ಮುಗಿದ ಮೇಲೆ, ಹೋದ ವಾರ, ಆ ಊರಿಗೆ ಹೋಗಿದ್ದೆ. ಮಗಳು ಈಗ ತವರುಮನೆಯಲ್ಲೇ ಇದ್ದಾಳೆ. ದೊಡ್ಡಪ್ಪನ ಕೊನೆಗಾಲಕ್ಕೆ ನೋಡಿಕೊಳ್ಳಲು ಬಂದವಳು ಅಲ್ಲೇ ಉಳಿದಳು. ಚಹಾ ಕುಡಿದು, ಹೊಲದಲ್ಲಿ ದೊಡ್ಡವ್ವನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಕೂತು ಬಂದೆವು. ಆಮೇಲೆ, ದಾರಿ ನೋಡೋಣವೇ ಎಂದು ನಾನೇ ಕೇಳಿದೆ.

ಸುಣ್ಣದ ಬಟ್ಟಿ ಇದ್ದಲ್ಲಿ ಈಗ ಏನೂ ಇಲ್ಲ. ಅಲ್ಲಿಂದ ಮುಂದಕ್ಕೆ ಮಶೀನಿನಿಂದ ತೋಡಿದ ಹೊಸ ಖಣಿ ಬಾಯಿ ತೆರೆದಿದೆ. ಬಾದಶಹಾನ ಕಾಲದ ಖಣಿಯೂ ಅದರಲ್ಲೇ ಸೇರಿಹೋಗಿದೆ. ಕಾರ್ಖಾನೆಯ ಕಲ್ಲು ಕಿತ್ತು ಎಲ್ಲಿಗೋ ಒಯ್ದರಂತೆ. ಖಣಿಯ ಸುತ್ತ ತಂತಿಬೇಲಿ. ನಾವು ಅದರ ಮುಂದೆ ನಿಂತೆವು.

"ಅವ್ವ ಇದ್ದಿದ್ರ ಸುತ್ತ ಹಾಕ್ಕೊಂಡು ಹೋಗ್ತಿದ್ಲರಿ ಅಕ್ಕಾರ" ಎಂದಳು ಅವಳು.

ಹೌದು ಎಂದೆ. ಬೇಲಿಯ ಬದಿಗೆ ಒಂದಿಷ್ಟು ದೂರ ನಡೆದು ನೋಡಿದೆವು. ಅದು ಎಲ್ಲಿ ಮುಗಿಯುತ್ತದೋ ಕಾಣಲಿಲ್ಲ. ನನ್ನ ಮೊಣಕಾಲು ನೋಯುತ್ತಿತ್ತು, ಬಿಸಿಲು ಏರಿತ್ತು, ಮುಂದೆ ನಡಿ ಎನ್ನುವವರು ಯಾರೂ ಇರಲಿಲ್ಲ. ನಾವಿಬ್ಬರೂ ಮನೆಯ ಕಡೆಗೆ ಹೊರಳಿದೆವು.